ಪ್ರಾಚೀನ ಈಜಿಪ್ಟಿನ ‘ರಾ’: ಒಂದು ದೇವನಾಮದ ಬಳಕೆ ಮತ್ತು ಅರ್ಥ

ದೇವತೆಗಳ ಹೆಸರುಗಳನ್ನು ಕುರಿತ ಅಧ್ಯಯನಗಳು ಬಹುಪಾಲು ನಿಷ್ಪತ್ತಿಯ ಸುತ್ತಲೇ ನಡೆದಿವೆ. ಹೆಸರಿನ ಧಾತುವನ್ನು ಕಂಡುಕೊಂಡರೆ ದೇವತೆಯ ಮೂಲಸ್ವರೂಪವೂ ಗೋಚರಿಸುತ್ತದೆ ಎಂಬ ನಂಬಿಕೆಯನ್ನು ಹತ್ತೊಂಬತ್ತನೆಯ ಶತಮಾನದ ತೌಲನಿಕ ಪುರಾಣಶಾಸ್ತ್ರವು ಬೆಳೆಸಿತು. 1856ರಲ್ಲಿ ಪ್ರಕಟವಾದ ಮ್ಯಾಕ್ಸ್ ಮುಲ್ಲರ್ ಅವರ ಪ್ರಬಂಧ ಈ ದಾರಿಗೆ ದೊಡ್ಡ ಪ್ರಚಾರವನ್ನು ತಂದುಕೊಟ್ಟಿತು. ಜಾನಪದ ವಿದ್ವಾಂಸರು ಈ ವಿಧಾನವನ್ನು ಬಹುಮಟ್ಟಿಗೆ ಕೈಬಿಟ್ಟು ಬಹಳ ಕಾಲವಾಗಿದ್ದರೂ ಜನಪ್ರಿಯ ಬರಹಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಪ್ರಾಚೀನ ಈಜಿಪ್ಟಿನ ಸೂರ್ಯದೇವತೆಯಾದ ‘ರಾ’ ಈ ವಿಧಾನದ ಮಿತಿಯನ್ನು ಸ್ಪಷ್ಟವಾಗಿ ತೋರಿಸಬಲ್ಲ ಉದಾಹರಣೆ. ಮೂರು ಸಾವಿರ ವರ್ಷಗಳಿಗೂ ಮಿಕ್ಕಿದ ಲಿಖಿತ ದಾಖಲೆಯುಳ್ಳ ಈ ಹೆಸರನ್ನು ಅರಸರು, ಪುರೋಹಿತರು, ಲಿಪಿಕಾರರು, ವಿಷವೈದ್ಯರು ಮತ್ತು ಸಾಮಾನ್ಯ ಜನರು ತಮ್ಮ ತಮ್ಮ ಅಗತ್ಯಗಳಿಗೆ ತಕ್ಕಂತೆ ಬಳಸಿದ್ದಾರೆ.

ರಾ ಎಂಬ ಹೆಸರಿನ ಅರ್ಥವನ್ನು ಅದರ ಧಾತುವಿನಲ್ಲಿ ಅಲ್ಲ, ಬಳಕೆಯ ಸಂದರ್ಭಗಳಲ್ಲಿ ಹುಡುಕಬೇಕು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇದಕ್ಕಾಗಿ ಹೆಸರಿನ ಬರವಣಿಗೆ ಮತ್ತು ಉಚ್ಚಾರಣೆ, ಇತರ ಭಾಷೆಗಳ ಪದಗಳೊಂದಿಗೆ ಕಲ್ಪಿಸಲಾಗಿರುವ ಸಂಬಂಧ, ರಾಜನಾಮಗಳಲ್ಲಿ ಅದರ ಸ್ಥಾನ, ಇತರ ದೇವತೆಗಳ ಹೆಸರಿನೊಂದಿಗೆ ಅದರ ಕೂಡಿಕೆ ಮತ್ತು ಕೊನೆಯದಾಗಿ ‘ರಾನ ಗುಟ್ಟಿನ ಹೆಸರು’ ಎಂದು ಪ್ರಸಿದ್ಧವಾಗಿರುವ ಕಥೆ, ಇಷ್ಟನ್ನು ಕ್ರಮವಾಗಿ ಪರಿಶೀಲಿಸಲಾಗಿದೆ.

1. ಬರವಣಿಗೆ ಮತ್ತು ಉಚ್ಚಾರಣೆ

ಈಜಿಪ್ಟಿನ ಚಿತ್ರಲಿಪಿಯು ಸ್ವರಗಳನ್ನು ಬರೆಯುವುದಿಲ್ಲ. ಅದರಿಂದ ನಮಗೆ ದೊರೆಯುವುದು ಪದದ ವ್ಯಂಜನಗಳು ಮಾತ್ರ. ಈ ದೇವತೆಯ ಹೆಸರನ್ನು ಧ್ವನಿಗನುಗುಣವಾಗಿ ಬರೆದಾಗ ಮೊದಲು ಬಾಯಿಯ ಚಿತ್ರ, ಅನಂತರ ಮುಂದೋಳಿನ ಚಿತ್ರ ಬರುತ್ತವೆ. ಬಾಯಿಯ ಚಿತ್ರಕ್ಕೆ ‘ರ್’ ಎಂಬ ಧ್ವನಿಮೌಲ್ಯವಿದೆ. ಮುಂದೋಳಿನ ಚಿತ್ರವು ಗಂಟಲಿನ ಆಳದಿಂದ ಹೊರಡುವ ಒಂದು ವ್ಯಂಜನವನ್ನು ಸೂಚಿಸುತ್ತದೆ. ಅರಬ್ಬಿ ಭಾಷೆಯ ‘ಐನ್’ ಅಕ್ಷರದ ಧ್ವನಿ ಇದಕ್ಕೆ ಸಮೀಪವಾದುದು. ಇವುಗಳ ಜೊತೆಗೆ ಅರ್ಥಸೂಚಕವಾಗಿ ಸೂರ್ಯಬಿಂಬದ ವೃತ್ತವನ್ನು ಬರೆಯುವುದುಂಟು. ಎಷ್ಟೋ ಕಡೆ ವೃತ್ತವೊಂದೇ, ಪಕ್ಕದಲ್ಲಿ ಒಂದು ಸಣ್ಣ ಗೆರೆಯೊಂದಿಗೆ, ಇಡೀ ಹೆಸರಿನ ಕೆಲಸವನ್ನು ಮಾಡುತ್ತದೆ. ದೇವತೆಯೆಂದು ಒತ್ತಿ ಹೇಳಬೇಕಾದಾಗ ತಲೆಯ ಮೇಲೆ ಸೂರ್ಯಬಿಂಬವನ್ನು ಹೊತ್ತು ಕುಳಿತ ದೇವನ ಚಿತ್ರವನ್ನೂ ಸೇರಿಸುತ್ತಾರೆ.

ಕನ್ನಡದಲ್ಲಿ ರೂಢಿಗೆ ಬಂದಿರುವ ‘ರಾ’ ಎಂಬ ರೂಪ ಇಂಗ್ಲಿಷ್ ಪುಸ್ತಕಗಳ ಮೂಲಕ ಬಂದುದು. ಗಂಟಲ ವ್ಯಂಜನವನ್ನು ಓದಲು ಅನುಕೂಲವಾಗುವಂತೆ ‘ಆ’ ಎಂದು ಉಚ್ಚರಿಸುವುದು ಈಜಿಪ್ಟ್‌ಶಾಸ್ತ್ರಜ್ಞರ ಒಂದು ಸಂಪ್ರದಾಯ. ಆ ಸಂಪ್ರದಾಯದ ಫಲವೇ ‘ರಾ’. ಪ್ರಾಚೀನರ ನಿಜವಾದ ಉಚ್ಚಾರಣೆಯನ್ನು ತಿಳಿಯಲು ನೆರವಾಗುವ ಮೂರು ಆಧಾರಗಳಿವೆ.

ಮೊದಲನೆಯದು ಬೆಣೆಲಿಪಿಯ ದಾಖಲೆಗಳು. ಈ ಲಿಪಿ ಸ್ವರಗಳನ್ನೂ ಬರೆಯುತ್ತದೆ. 1887ರಲ್ಲಿ ಬೆಳಕಿಗೆ ಬಂದ ಅಮರ್ನಾ ಪತ್ರಗಳಲ್ಲಿ ಮೂರನೆಯ ಅಮೆನ್‌ಹೊಟೆಪನ ಪಟ್ಟದ ಹೆಸರು ‘ನಿಬ್‌ಮುಅರೆಯ’, ‘ನಿಮ್ಮೂರೆಯ’ ಮೊದಲಾದ ರೂಪಗಳಲ್ಲಿ ಕಾಣಿಸುತ್ತದೆ. ಈಜಿಪ್ಟ್‌ಶಾಸ್ತ್ರಜ್ಞರು ‘ನೆಬ್‌ಮಾತ್‌ರೆ’ ಎಂದು ಓದುವ ಹೆಸರು ಇದೇ. ಹಿಟೈಟ್ ರಾಜಧಾನಿಯಾಗಿದ್ದ ಹತ್ತೂಸಾದ ದಾಖಲೆಗಳಲ್ಲಿ ಎರಡನೆಯ ರಾಮೆಸೆಸನು ‘ರಿಅಮಶೇಶ’ ಎಂದು ಕರೆಯಲ್ಪಟ್ಟಿದ್ದಾನೆ. ಎರಡೂ ಕಡೆ ‘ರ್’ ವ್ಯಂಜನದ ನಂತರ ಬರುವುದು ‘ಇ’ ಅಥವಾ ‘ಎ’ ಸ್ವರವೇ ಹೊರತು ‘ಆ’ ಅಲ್ಲ. ಎರಡನೆಯ ಆಧಾರ ಹೀಬ್ರೂ ಬೈಬಲ್. ಆದಿಕಾಂಡದಲ್ಲಿ ಯೋಸೇಫನ ಮಾವನಾದ, ಓನ್ ಪಟ್ಟಣದ ಯಾಜಕ ಪೋಟೀಫೆರನ ಹೆಸರು ‘ರಾ ಕೊಟ್ಟವನು’ ಎಂಬ ಅರ್ಥದ ಈಜಿಪ್ಟಿನ ಹೆಸರು. ಅದರ ಹೀಬ್ರೂ ಬರವಣಿಗೆಯ ಕೊನೆಯಲ್ಲಿ ಗಂಟಲ ವ್ಯಂಜನ ಸ್ಪಷ್ಟವಾಗಿ ಉಳಿದಿದೆ. ಮೂರನೆಯ ಆಧಾರ ಈಜಿಪ್ಟಿನ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್. ಗ್ರೀಕ್ ಅಕ್ಷರಗಳಲ್ಲಿ ಬರೆಯಲಾಗುವ ಈ ಭಾಷೆಯಲ್ಲಿ ಸೂರ್ಯನಿಗೆ ‘ರೇ’ ಎನ್ನುತ್ತಾರೆ. ಈ ಮೂರನ್ನೂ ಹೊಂದಿಸಿ ನೋಡಿದ ವಿದ್ವಾಂಸರು ಪ್ರಾಚೀನ ಉಚ್ಚಾರಣೆಯನ್ನು ‘ರೀಅ’ ಎಂಬುದಕ್ಕೆ ಸಮೀಪವಾದುದೆಂದು ಪುನಾರಚಿಸಿದ್ದಾರೆ. ಜರ್ಮನ್ ವಿದ್ವಾಂಸರು ‘ರೇ’ ಎಂದು ಬರೆಯುವುದು ಕಾಪ್ಟಿಕ್ ರೂಪವನ್ನು ಅನುಸರಿಸಿ. ಈ ಲೇಖನದಲ್ಲಿ ಕನ್ನಡ ಓದುಗರಿಗೆ ಪರಿಚಿತವಾದ ‘ರಾ’ ರೂಪವನ್ನೇ ಉಳಿಸಿಕೊಳ್ಳಲಾಗಿದೆ.

ಚಿತ್ರಲಿಪಿಯ ರಹಸ್ಯ ಬಿಡಿಸಿದ ಘಟನೆಯಲ್ಲಿಯೂ ಈ ಹೆಸರಿಗೆ ಪಾತ್ರವಿತ್ತು. 1822ರ ಸೆಪ್ಟೆಂಬರ್‌ನಲ್ಲಿ ಷಾಂಪೋಲಿಯನ್ ಅವರು ಅಬು ಸಿಂಬೆಲ್ ದೇವಾಲಯದ ಶಾಸನಗಳ ನಕಲುಗಳನ್ನು ಪರಿಶೀಲಿಸುತ್ತಿದ್ದಾಗ ರಾಜನಾಮದ ಚೌಕಟ್ಟೊಂದರಲ್ಲಿ ಸೂರ್ಯಬಿಂಬದ ವೃತ್ತ ಮತ್ತು ಕೊನೆಯಲ್ಲಿ ಎರಡು ‘ಸ್’ ಚಿಹ್ನೆಗಳನ್ನು ಕಂಡರು. ಅವರಿಗೆ ಕಾಪ್ಟಿಕ್ ಚೆನ್ನಾಗಿ ಬರುತ್ತಿತ್ತು. ವೃತ್ತವನ್ನು ಕಾಪ್ಟಿಕ್‌ನ ‘ರೇ’ ಎಂದು ಓದಿದಾಗ ಗ್ರೀಕ್ ಗ್ರಂಥಗಳಿಂದ ಪರಿಚಿತನಾಗಿದ್ದ ರಾಮೆಸೆಸನ ಹೆಸರು ಹೊರಬಿತ್ತು. ರಾನ ಆರಾಧನೆ ನಿಂತುಹೋಗಿ ಶತಮಾನಗಳೇ ಕಳೆದಿದ್ದರೂ, ಕ್ರೈಸ್ತರಾಗಿದ್ದ ಕಾಪ್ಟರ ಭಾಷೆಯಲ್ಲಿ ಅವನ ಹೆಸರು ಸೂರ್ಯವಾಚಕವಾದ ಸಾಮಾನ್ಯ ನಾಮಪದವಾಗಿ ಉಳಿದಿದ್ದುದೇ ಈ ಓದನ್ನು ಸಾಧ್ಯವಾಗಿಸಿತು.

2. ಧ್ವನಿಸಾಮ್ಯದ ಪ್ರಶ್ನೆ

ಭಾರತೀಯ ಭಾಷೆಗಳ ಜನಪ್ರಿಯ ಬರಹಗಳಲ್ಲಿ ‘ರಾ’ ಎಂಬುದನ್ನು ಸಂಸ್ಕೃತದ ‘ರವಿ’ಯೊಂದಿಗೂ, ‘ರಾಮೆಸೆಸ್’ ಎಂಬುದನ್ನು ‘ರಾಮ’ನೊಂದಿಗೂ ಜೋಡಿಸುವುದು ಆಗಾಗ ಕಂಡುಬರುತ್ತದೆ. ಇದನ್ನು ಉಪೇಕ್ಷಿಸುವುದಕ್ಕಿಂತ ಪರೀಕ್ಷಿಸುವುದು ಲೇಸು.

ಮೊದಲಿಗೆ, ‘ರಾ’ ಮತ್ತು ‘ರವಿ’ಗಳ ನಡುವೆ ನಮ್ಮ ಕಿವಿಗೆ ಕೇಳಿಸುವ ಸಾಮ್ಯ ಆಧುನಿಕ ಓದಿನ ಸಂಪ್ರದಾಯದಿಂದ ಹುಟ್ಟಿದುದು. ಪ್ರಾಚೀನ ರೂಪದಲ್ಲಿ ‘ಆ’ ಇಲ್ಲ, ‘ವ’ಕಾರವಿಲ್ಲ. ಅಲ್ಲಿರುವ ಗಂಟಲ ವ್ಯಂಜನ ಸಂಸ್ಕೃತದ ವರ್ಣಮಾಲೆಯಲ್ಲಿಯೇ ಇಲ್ಲ. ಎರಡನೆಯದಾಗಿ ಕಾಲದ ಪ್ರಶ್ನೆ. ರಾನ ಹೆಸರು ಸಕ್ಕಾರಾದಲ್ಲಿರುವ ಉನಾಸ್ ಅರಸನ ಪಿರಮಿಡ್ಡಿನ ಗೋಡೆಗಳ ಮೇಲೆ, ಕ್ರಿ.ಪೂ. 24ನೆಯ ಶತಮಾನದ ಸುಮಾರಿನಲ್ಲಿಯೇ, ಮತ್ತೆ ಮತ್ತೆ ಬರುತ್ತದೆ. ಋಗ್ವೇದದಲ್ಲಿ ಸೂರ್ಯನನ್ನು ಕರೆಯುವ ಪ್ರಧಾನ ಹೆಸರುಗಳು ಸೂರ್ಯ, ಸವಿತೃ, ಆದಿತ್ಯ ಮೊದಲಾದವು. ‘ರವಿ’ ಪ್ರಚಾರಕ್ಕೆ ಬಂದುದು ಅನಂತರದ ಸಾಹಿತ್ಯದಲ್ಲಿ. ಮೂರನೆಯದಾಗಿ, ರಾಮೆಸೆಸ್ ಎಂಬುದನ್ನು ‘ರಾಮ’ ಎಂದು ಒಡೆಯಲು ಬರುವುದಿಲ್ಲ. ಅದು ‘ರಾ’, ‘ಮೆಸ್’, ‘ಸು’ ಎಂಬ ಮೂರು ಪದಗಳ ವಾಕ್ಯ. ‘ಮೆಸ್’ ಎಂದರೆ ಹೆರುವುದು. ‘ರಾ ಆತನನ್ನು ಹೆತ್ತವನು’ ಎಂಬುದು ಹೆಸರಿನ ಅರ್ಥ. ಇಲ್ಲಿನ ಮಕಾರ ಎರಡನೆಯ ಪದಕ್ಕೆ ಸೇರಿದುದು. ಅದೇ ಪದ ಥತ್ಮೋಸ್ ಎಂಬ ಹೆಸರಿನಲ್ಲಿಯೂ ಇದೆ.

ಇದಕ್ಕಿಂತ ಬಲವಾದ ಇನ್ನೊಂದು ಸಾಕ್ಷ್ಯವಿದೆ. ಈಜಿಪ್ಟಿಗೂ ಭಾರತೀಯ ಆರ್ಯ ಮೂಲದ ಹೆಸರುಗಳುಳ್ಳ ಅರಸುಮನೆತನಕ್ಕೂ ನಿಜವಾದ ಭೇಟಿ ನಡೆದ ಸಂದರ್ಭವೊಂದು ಇತಿಹಾಸದಲ್ಲಿ ದಾಖಲಾಗಿದೆ. ಇಂದಿನ ಸಿರಿಯಾದ ಉತ್ತರಭಾಗದಲ್ಲಿ ನೆಲೆಗೊಂಡಿದ್ದ ಮಿತನ್ನಿ ರಾಜ್ಯದ ತುಷ್ರತ್ತನು ಮೂರನೆಯ ಅಮೆನ್‌ಹೊಟೆಪನಿಗೆ ತನ್ನ ಮಗಳನ್ನು ಕೊಟ್ಟು ಪತ್ರವ್ಯವಹಾರ ನಡೆಸಿದನು. ತುಷ್ರತ್ತನ ಹೆಸರಿನಲ್ಲಿ ‘ರಥ’ ಶಬ್ದವಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ.ಪೂ. 14ನೆಯ ಶತಮಾನದ ಮಿತನ್ನಿ ಮತ್ತು ಹಿಟೈಟ್ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ ಮತ್ತು ನಾಸತ್ಯರನ್ನು ಸಾಕ್ಷಿಗಳಾಗಿ ಕರೆದಿರುವುದು ಪ್ರಸಿದ್ಧವಾದ ಸಂಗತಿ. ಇಂತಹ ಮನೆತನದ ಅರಸನು ಈಜಿಪ್ಟಿನ ದೊರೆಯ ಹೆಸರನ್ನು, ಅದರೊಳಗಿನ ರಾನೊಂದಿಗೆ, ಪತ್ರಗಳಲ್ಲಿ ಬರೆಯಿಸುತ್ತಿದ್ದನು. ಹುರ್ರಿಯನ್ ಭಾಷೆಯಲ್ಲಿರುವ, ಐನೂರರ ಸಮೀಪ ಸಾಲುಗಳುಳ್ಳ ಅವನ ಪತ್ರವೊಂದರಲ್ಲಿ ಸೂರ್ಯದೇವತೆಯನ್ನು ‘ಶಿಮಿಗೆ’ ಎಂಬ ಹುರ್ರಿಯನ್ ಹೆಸರಿನಿಂದ ಕರೆಯಲಾಗಿದೆ. ಆದುದರಿಂದ ಎರಡು ಪರಂಪರೆಗಳು ಪರಸ್ಪರ ಮುಟ್ಟಿದ ಈ ಜಾಗದಲ್ಲಿಯೂ ರಾ ಮತ್ತು ರವಿ ಒಂದಾಗಲಿಲ್ಲ.

3. ಸಾಮಾನ್ಯ ಪದವೇ ದೇವನಾಮ

ಹಾಗಾದರೆ ರಾ ಎಂದರೇನು? ಈಜಿಪ್ಟಿನ ಭಾಷೆಯೊಳಗೆ ಇದಕ್ಕೆ ದೊರೆಯುವ ಉತ್ತರ ಸರಳವಾದುದು. ರಾ ಎಂದರೆ ಸೂರ್ಯ. ಆಕಾಶದಲ್ಲಿ ಕಾಣುವ ಸೂರ್ಯನಿಗೆ ಇರುವ ಸಾಮಾನ್ಯ ಪದವೇ ದೇವರ ಹೆಸರೂ ಆಗಿದೆ. ‘ಪ್ರತಿದಿನ’ ಎನ್ನಲು ಈಜಿಪ್ಟಿನವರು ಬಳಸುತ್ತಿದ್ದ ಮಾತು ‘ರಾ ನೆಬ್’. ಅಕ್ಷರಶಃ ‘ಪ್ರತಿ ಸೂರ್ಯ’. ಹೊತ್ತು ಮೂಡಿತು, ಹೊತ್ತು ಮುಳುಗಿತು ಎನ್ನುವ ಕನ್ನಡಿಗರಿಗೆ ಸೂರ್ಯನೂ ಕಾಲವೂ ಒಂದೇ ಪದದಲ್ಲಿ ಕೂಡುವುದು ಅಪರಿಚಿತವಲ್ಲ. ನೈಲ್ ತೀರದ ರೈತನು ದಿನನಿತ್ಯದ ಕೆಲಸವನ್ನು ಹೇಳುವಾಗಲೂ ಈ ಪದ ಅವನ ಬಾಯಲ್ಲಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾಲಿಸ್ ಬಡ್ಜ್ ಅವರ ಜನಪ್ರಿಯ ಗ್ರಂಥಗಳು ರಾ ಎಂಬುದಕ್ಕೆ ‘ಸೃಷ್ಟಿಶಕ್ತಿ’ ಎಂಬಂತಹ ಅರ್ಥವಿದ್ದಿರಬಹುದೆಂಬ ಊಹೆಯನ್ನು ಹರಡಿದವು. ಇದಕ್ಕೆ ಭಾಷಿಕವಾದ ಆಧಾರವಿಲ್ಲ. ರಾ ಸೃಷ್ಟಿಕರ್ತನೆಂದು ಪುರಾಣಗಳಿಂದ ತಿಳಿದ ಮೇಲೆ ಆ ಗುಣವನ್ನು ಹೆಸರಿನೊಳಗೆ ಹಿಂದಕ್ಕೆ ಒಯ್ದು ಓದಿದುದರ ಫಲ ಅದು.

ಈ ಹೆಸರಿನ ವೈಶಿಷ್ಟ್ಯ ಪಕ್ಕದ ಹೆಸರುಗಳೊಂದಿಗೆ ಹೋಲಿಸಿದಾಗ ಎದ್ದುಕಾಣುತ್ತದೆ. ಸೂರ್ಯನ ಬೆಳಗಿನ ರೂಪ ಖೆಪ್ರಿ. ‘ಆಗು’, ‘ರೂಪ ತಾಳು’ ಎಂಬ ಅರ್ಥದ ‘ಖೆಪರ್’ ಧಾತುವಿನಿಂದ ಬಂದ ಈ ಹೆಸರನ್ನು ಸೆಗಣಿಯ ಉಂಡೆಯನ್ನು ಉರುಳಿಸುವ ಜೀರುಂಡೆಯ ಚಿತ್ರದಿಂದ ಬರೆಯುತ್ತಾರೆ. ಸಂಜೆಯ ರೂಪ ಆತುಮ್. ಇದು ‘ಪೂರ್ಣವಾಗು’, ‘ಇಲ್ಲವಾಗು’ ಎಂಬ ಎರಡು ಅರ್ಥಗಳುಳ್ಳ ‘ತೆಮ್’ ಧಾತುವಿನ ಹೆಸರು. ‘ಅಮುನ್’ ಎಂದರೆ ಮರೆಯಾದವನು. ಹೀಗೆ ಸುತ್ತಲಿನ ದೇವತೆಗಳ ಹೆಸರುಗಳೆಲ್ಲ ಧಾತುವನ್ನು ತೋರಿಸಿ ತಮ್ಮನ್ನು ವಿವರಿಸಿಕೊಳ್ಳುತ್ತವೆ. ನಡುಹಗಲಿನ ಸೂರ್ಯನಾದ ರಾನಿಗೆ ಮಾತ್ರ ಅಂತಹ ವಿವರಣೆಯಿಲ್ಲ. ಎಲ್ಲರಿಗೂ ಕಾಣುವುದನ್ನು ವಿವರಿಸುವ ಅಗತ್ಯ ಈಜಿಪ್ಟಿನವರಿಗೆ ತೋರಿರಲಿಲ್ಲ.

ಶಬ್ದಗಳ ನಡುವಿನ ಧ್ವನಿಸಾಮ್ಯದಿಂದ ಅರ್ಥ ಹೊರಡಿಸುವುದರಲ್ಲಿ ಈಜಿಪ್ಟಿನವರು ನಿಪುಣರಾಗಿದ್ದರು. ಶವಪೆಟ್ಟಿಗೆಗಳ ಮೇಲೆ ಬರೆದ ಪಠ್ಯವೊಂದರಲ್ಲಿ ಸೃಷ್ಟಿಕರ್ತನ ಕಣ್ಣೀರಿನಿಂದ ಮನುಷ್ಯರು ಹುಟ್ಟಿದರೆಂದು ಹೇಳಿದೆ. ಕಣ್ಣೀರು ‘ರೆಮಿತ್’, ಮನುಷ್ಯರು ‘ರೆಮೆಚ್’. ಜಾನಪದ ನಿಷ್ಪತ್ತಿಯ ಈ ವಿಧಾನ ಅವರ ಭಾಷೆಯೊಳಗೇ ನಡೆದುದು, ಅವರ ಕೇಳುಗರಿಗೆ ಕೇಳಿಸುವಂತಹುದು. ಹೊರಗಿನಿಂದ ತಂದು ಹೇರುವ ಧ್ವನಿಸಾಮ್ಯಕ್ಕೂ ಇದಕ್ಕೂ ಇರುವ ಅಂತರವನ್ನು ಜಾನಪದ ಅಧ್ಯಯನಕಾರರು ಗಮನಿಸಬೇಕು. ಒಂದು ಸಮುದಾಯವು ತನ್ನ ಹೆಸರುಗಳನ್ನು ಹೇಗೆ ಕೇಳಿಸಿಕೊಂಡಿತು ಎಂಬುದಕ್ಕೆ ಮೊದಲನೆಯದು ಸಾಕ್ಷಿ. ಎರಡನೆಯದು ನಾವು ಏನನ್ನು ಕೇಳಿಸಿಕೊಳ್ಳಬಯಸುತ್ತೇವೆ ಎಂಬುದಕ್ಕೆ ಮಾತ್ರ ಸಾಕ್ಷಿ.

4. ರಾಜನಾಮಗಳಲ್ಲಿ ರಾ

ರಾನ ಆರಾಧನೆಯ ಕೇಂದ್ರ ಇಯುನು. ಬೈಬಲಿನ ಓನ್ ಪಟ್ಟಣ ಇದೇ. ಗ್ರೀಕರು ಇದನ್ನು ಹೆಲಿಯೊಪೊಲಿಸ್, ಅಂದರೆ ಸೂರ್ಯನಗರ ಎಂದು ಕರೆದರು. ಇಂದು ಅದು ಕೈರೋ ನಗರದ ಮತರಿಯಾ ಮತ್ತು ಐನ್ ಶಮ್ಸ್ ಬಡಾವಣೆಗಳ ಕೆಳಗೆ ಹುದುಗಿದೆ. ಒಂದನೆಯ ಸೆನುಸ್ರೆತ್ ಅರಸನು ನಿಲ್ಲಿಸಿದ, ಸುಮಾರು 20 ಮೀಟರ್ ಎತ್ತರದ ಗ್ರಾನೈಟ್ ಸ್ತಂಭ ಅಲ್ಲಿ ಇಂದಿಗೂ ನಿಂತಿದೆ. ಐನ್ ಶಮ್ಸ್ ಎಂಬ ಅರಬ್ಬಿ ಹೆಸರಿನಲ್ಲಿರುವ ‘ಶಮ್ಸ್’ ಎಂಬುದೂ ಸೂರ್ಯನೇ.

ನಾಲ್ಕನೆಯ ರಾಜವಂಶದ ಅರಸರಾದ ಜೆದೆಫ್ರೆ, ಖಫ್ರೆ, ಮೆನ್‌ಕೌರೆ ಇವರ ಹೆಸರುಗಳಲ್ಲಿ ರಾ ಸೇರಿಕೊಂಡಿದ್ದಾನೆ. ‘ರಾನ ಮಗ’ ಎಂಬ ಬಿರುದು ಜೆದೆಫ್ರೆಯ ಕಾಲದಲ್ಲಿ ಮೊದಲು ಕಾಣಿಸುತ್ತದೆ. ಐದನೆಯ ರಾಜವಂಶದ ದಾಖಲೆಗಳಲ್ಲಿ ಆರು ಸೂರ್ಯದೇವಾಲಯಗಳ ಹೆಸರುಗಳು ದೊರೆತಿವೆ. ಅವುಗಳಲ್ಲಿ ಉಸೆರ್‌ಕಾಫ್ ಮತ್ತು ನಿಯುಸೆರ್‌ರೆ ಅರಸರ ದೇವಾಲಯಗಳು ಅಬುಸಿರ್ ಪರಿಸರದಲ್ಲಿ ಉತ್ಖನನಗೊಂಡಿವೆ. ಮಧ್ಯ ರಾಜ್ಯದ ಕಾಲಕ್ಕಾಗಲೇ ಅರಸನ ಪಟ್ಟದ ಹೆಸರಿನಲ್ಲಿ ರಾ ಇರುವುದು ನಿಯಮವೆಂಬಷ್ಟು ಸಾಮಾನ್ಯವಾಗಿತ್ತು. ಈ ಹೆಸರುಗಳ ಬರವಣಿಗೆಯಲ್ಲಿ ಒಂದು ವಿಶೇಷವಿದೆ. ಮೂರನೆಯ ಥತ್ಮೋಸನ ಪಟ್ಟದ ಹೆಸರನ್ನು ‘ಮೆನ್‌ಖೆಪರ್‌ರೆ’ ಎಂದು ಓದಬೇಕು. ರಾ ಕೊನೆಯಲ್ಲಿ ಬರುತ್ತಾನೆ. ಆದರೆ ಬರೆಯುವಾಗ ಸೂರ್ಯಬಿಂಬವನ್ನು ಮೊದಲು ಬರೆಯುತ್ತಾರೆ. ಮಾತಿನ ಕ್ರಮಕ್ಕಿಂತ ಮರ್ಯಾದೆಯ ಕ್ರಮ ಬರವಣಿಗೆಯಲ್ಲಿ ಮೇಲುಗೈ ಪಡೆದಿದೆ.

ರಾ ಮತ್ತು ಅರಸುತನದ ಸಂಬಂಧವನ್ನು ಕಥೆಯ ರೂಪದಲ್ಲಿ ಹೇಳುವ ಹಸ್ತಪ್ರತಿಯೊಂದು ಬರ್ಲಿನ್ ಮ್ಯೂಸಿಯಂನಲ್ಲಿದೆ. ವೆಸ್ಟ್‌ಕಾರ್ ಪಪೈರಸ್ ಎಂದು ಹೆಸರಾದ ಇದನ್ನು 1890ರಲ್ಲಿ ಅಡಾಲ್ಫ್ ಎರ್ಮನ್ ಪ್ರಕಟಿಸಿದರು. ಸಖೆಬು ಊರಿನ ರಾನ ಪುರೋಹಿತನೊಬ್ಬನ ಹೆಂಡತಿ ರುದ್‌ಜೆದೆತ್ ರಾನಿಂದಲೇ ಗರ್ಭವತಿಯಾಗಿ ಮೂವರು ಮಕ್ಕಳನ್ನು ಹಡೆಯುತ್ತಾಳೆ. ಐಸಿಸ್ ಮೊದಲಾದ ದೇವತೆಗಳು ಕುಣಿತದ ಮೇಳದವರ ವೇಷದಲ್ಲಿ ಬಂದು ಸೂಲಗಿತ್ತಿಯರ ಕೆಲಸ ಮಾಡುತ್ತಾರೆ. ಪ್ರತಿಯೊಂದು ಮಗುವೂ ಹೊರಬರುವಾಗ ಐಸಿಸ್ ಅದರ ಹೆಸರಿನೊಂದಿಗೆ ಶ್ಲೇಷೆಯಾಡುತ್ತಾಳೆ. ಬಲಶಾಲಿ ಎಂಬ ಅರ್ಥ ಹೊರಡುವ ಹೆಸರಿನ ಮಗುವಿಗೆ ಹೊಟ್ಟೆಯೊಳಗೆ ಬಲ ತೋರಿಸಬೇಡವೆಂದೂ, ಕತ್ತಲೆ ಎಂಬ ಧ್ವನಿಯುಳ್ಳ ಹೆಸರಿನ ಮಗುವಿಗೆ ಅಲ್ಲಿ ಕತ್ತಲಾಗಿ ಉಳಿಯಬೇಡವೆಂದೂ ಹೇಳುತ್ತಾಳೆ. ಈ ಮೂವರೂ ಐದನೆಯ ರಾಜವಂಶದ ಮೊದಲ ಅರಸರೆಂದು ಕಥೆ ಸೂಚಿಸುತ್ತದೆ. ಚರಿತ್ರೆಯಲ್ಲಿ ಇವರು ಅಣ್ಣತಮ್ಮಂದಿರಲ್ಲ. ಉಸೆರ್‌ಕಾಫನ ಮಗ ಸಾಹುರೆ, ಸಾಹುರೆಯ ಮಗ ನೆಫೆರಿರ್‌ಕರೆ ಎಂಬುದು ಅಬುಸಿರ್‌ನಲ್ಲಿ ದೊರೆತ ಉಬ್ಬುಶಿಲ್ಪಗಳಿಂದ ಸ್ಪಷ್ಟವಾಗಿದೆ. ಹೊಸ ಮನೆತನವೊಂದರ ಆರಂಭವನ್ನು ಹೆಸರುಗಳ ಹುಟ್ಟಿನ ಮೂಲಕ ನೆನೆದ ಜನಪದ ಕಥನವಾಗಿ ಇದನ್ನು ಓದುವುದು ಸೂಕ್ತ.

ರಾಜನಾಮಗಳಲ್ಲಿ ಈ ಹೆಸರು ಎಷ್ಟು ಆಳವಾಗಿ ಬೇರೂರಿತ್ತು ಎಂಬುದಕ್ಕೆ ಅಖೆನಾತೆನ್ ಅರಸನ ಧಾರ್ಮಿಕ ಬದಲಾವಣೆಯೇ ನಿದರ್ಶನ. ಕ್ರಿ.ಪೂ. 14ನೆಯ ಶತಮಾನದಲ್ಲಿ ಅವನು ಸೂರ್ಯಬಿಂಬವಾದ ಅತೆನ್ ಒಂದನ್ನೇ ಎತ್ತಿಹಿಡಿದನು. ಅಮುನ್ ದೇವರ ಹೆಸರನ್ನು ಶಾಸನಗಳಿಂದ ಕೆತ್ತಿ ತೆಗೆಸಿದನು. ಅತೆನ್ ದೇವರಿಗೆ ಕೊಟ್ಟಿದ್ದ ಔಪಚಾರಿಕ ದೀರ್ಘನಾಮದಲ್ಲಿ ಮೊದಲು ರಾ, ಹೊರಸ್ ಮತ್ತು ಶೂ ಎಂಬ ಹೆಸರುಗಳಿದ್ದವು. ಆಳ್ವಿಕೆಯ ಉತ್ತರಾರ್ಧದಲ್ಲಿ ಅದನ್ನು ಪರಿಷ್ಕರಿಸಿದಾಗ ಹೊರಸ್ ಮತ್ತು ಶೂ ಬಿದ್ದುಹೋದವು, ರಾ ಉಳಿದನು. ಅರಸನ ಪಟ್ಟದ ಹೆಸರಾದ ‘ನೆಫೆರ್‌ಖೆಪೆರುರೆ’ಯಲ್ಲಿಯೂ ರಾ ಇದ್ದನು. ಕಣ್ಣಿಗೆ ಕಾಣುವ ಸೂರ್ಯನ ಸಾಮಾನ್ಯ ಹೆಸರಾದುದರಿಂದ ಅದು ಹೊಸ ಮತಕ್ಕೆ ಅಡ್ಡಿಯಾಗಲಿಲ್ಲ ಎಂದು ಭಾವಿಸಲು ಅವಕಾಶವಿದೆ.

5. ಕೂಡಿಕೆಯ ಹೆಸರುಗಳು

ರಾನ ಹೆಸರು ಇತರ ದೇವತೆಗಳ ಹೆಸರಿನೊಂದಿಗೆ ಸುಲಭವಾಗಿ ಕೂಡುತ್ತದೆ. ರಾ-ಹೊರಖ್ತಿ, ಅಮುನ್-ರಾ, ಸೊಬೆಕ್-ರಾ, ಖ್ನುಮ್-ರಾ ಮೊದಲಾದವು ಇದಕ್ಕೆ ಉದಾಹರಣೆಗಳು. ಇವುಗಳನ್ನು ಎರಡು ಮತಗಳ ರಾಜಿ ಎಂದೋ ಪುರೋಹಿತರ ರಾಜಕೀಯ ಎಂದೋ ವಿವರಿಸುವುದು ಹಿಂದೆ ರೂಢಿಯಲ್ಲಿತ್ತು. ಜರ್ಮನ್ ವಿದ್ವಾಂಸರಾದ ಹಾನ್ಸ್ ಬೊನ್ನೆಟ್ ಅವರು ಈ ಕೂಡಿಕೆಯನ್ನು ಒಂದು ದೇವತೆ ಇನ್ನೊಂದರಲ್ಲಿ ನೆಲೆಸುವ ಕ್ರಿಯೆಯಾಗಿ ಕಂಡರು. ಎರಿಕ್ ಹೊರ್ನುಂಗ್ ಅವರು 1971ರಲ್ಲಿ ಪ್ರಕಟಿಸಿದ ಈಜಿಪ್ಟಿನ ದೇವಕಲ್ಪನೆಯನ್ನು ಕುರಿತ ಗ್ರಂಥದಲ್ಲಿ ಇದನ್ನು ವಿಸ್ತರಿಸಿದರು. ಅವರ ಪ್ರಕಾರ ಕೂಡಿದ ದೇವತೆಗಳು ತಮ್ಮತನವನ್ನು ಕಳೆದುಕೊಳ್ಳುವುದಿಲ್ಲ. ಕೂಡಿಕೆ ಶಾಶ್ವತವೂ ಅಲ್ಲ. ಅಮುನ್-ರಾ ಎಂಬ ಹೆಸರನ್ನು ಅಕ್ಷರಶಃ ಓದಿದರೆ ‘ಮರೆಯಾದವನು’ ಮತ್ತು ‘ಸೂರ್ಯ’ ಎಂದಾಗುತ್ತದೆ. ಕಾಣದ ದೇವರು ಕಾಣುವ ಸೂರ್ಯನಾಗಿ ಎದುರು ನಿಲ್ಲುವ ಸ್ಥಿತಿಯನ್ನು ಆ ಹೆಸರು ಹೇಳುತ್ತದೆ.

ರಾತ್ರಿಯ ಸೂರ್ಯನ ವಿಚಾರದಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹನ್ನೆರಡು ತಾಸುಗಳ ಪಾತಾಳಯಾನವನ್ನು ಚಿತ್ರಿಸುವ ‘ಅಮ್‌ದುಆತ್’ ಎಂಬ ಸಮಾಧಿಗ್ರಂಥದಲ್ಲಿ ಟಗರಿನ ತಲೆಯ ಸೂರ್ಯನನ್ನು ‘ಮಾಂಸ’ ಎಂಬ ಅರ್ಥದ ಪದದಿಂದ ಹೆಸರಿಸಿದ್ದಾರೆ. ಅಲ್ಲಿ ಅವನು ಸತ್ತವರ ದೇವರಾದ ಒಸೈರಿಸನೊಂದಿಗೆ ಒಂದಾಗಿ ಮರುದಿನಕ್ಕೆ ಬಲ ಪಡೆಯುತ್ತಾನೆ. 1904ರಲ್ಲಿ ಪತ್ತೆಯಾದ ರಾಣಿ ನೆಫೆರ್ತಾರಿಯ ಸಮಾಧಿಯಲ್ಲಿ ಐಸಿಸ್ ಮತ್ತು ನೆಫ್ತಿಸರ ನಡುವೆ ನಿಂತ ಟಗರುತಲೆಯ ಮೂರ್ತಿಯ ಇಕ್ಕೆಲದ ಬರಹವು ಇಬ್ಬರೂ ಪರಸ್ಪರರಲ್ಲಿ ವಿಶ್ರಮಿಸುವುದನ್ನು ಸೂಚಿಸುತ್ತದೆ. ಮೂರನೆಯ ಥತ್ಮೋಸನ ಕಾಲದಿಂದ ದೊರೆಯುವ ‘ರಾನ ನಾಮಾವಳಿ’ಯಲ್ಲಿ ಅವನನ್ನು 75 ರೂಪಗಳಲ್ಲಿ ಕರೆದು ಸ್ತುತಿಸಲಾಗಿದೆ. ಆ 75ರಲ್ಲಿ ಯಾವುದೂ ಉಳಿದವುಗಳನ್ನು ಅನಗತ್ಯವಾಗಿಸುವುದಿಲ್ಲ.

6. ಹೇಳದೆ ಉಳಿದ ಹೆಸರು

ಎಲ್ಲರ ಬಾಯಲ್ಲಿದ್ದ ಈ ಹೆಸರಿನ ದೇವರಿಗೆ ಯಾರಿಗೂ ಗೊತ್ತಿಲ್ಲದ ಹೆಸರೊಂದು ಇತ್ತು ಎಂದು ಹೇಳುವ ಕಥೆ ರಾಮೆಸೆಸ್ ಅರಸರ ಕಾಲದ ಹಸ್ತಪ್ರತಿಗಳಲ್ಲಿ ಉಳಿದಿದೆ. ಇಟಲಿಯ ಟುರಿನ್ ಮ್ಯೂಸಿಯಂನ 1993 ಸಂಖ್ಯೆಯ ಪಪೈರಸ್ ಇವುಗಳಲ್ಲಿ ಮುಖ್ಯವಾದುದು. ಚೆಸ್ಟರ್ ಬೀಟಿ ಸಂಗ್ರಹದ 11ನೆಯ ಪಪೈರಸ್‌ನಲ್ಲಿಯೂ ಕಥೆಯ ಭಾಗ ದೊರೆತಿದೆ.

ಕಥೆಯ ಸಾರ ಹೀಗಿದೆ. ರಾನಿಗೆ ಮುಪ್ಪು ಬಂದಿದೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಐಸಿಸ್ ಆ ಜೊಲ್ಲನ್ನು ಮಣ್ಣಿನೊಂದಿಗೆ ಕಲಸಿ ಹಾವೊಂದನ್ನು ಮಾಡಿ ಅವನು ನಡೆಯುವ ದಾರಿಯಲ್ಲಿ ಇಡುತ್ತಾಳೆ. ಹಾವು ಕಚ್ಚುತ್ತದೆ. ತಾನೇ ಸೃಷ್ಟಿಸದ ಈ ಪ್ರಾಣಿಯ ವಿಷ ಯಾವುದೆಂದು ರಾನಿಗೆ ತಿಳಿಯುವುದಿಲ್ಲ. ತಂದೆತಾಯಿ ತನಗಿಟ್ಟ ಹೆಸರು, ಮಾಂತ್ರಿಕರ ಕೈಗೆ ಸಿಗಬಾರದೆಂದು, ಹುಟ್ಟಿದಂದಿನಿಂದ ತನ್ನ ದೇಹದೊಳಗೇ ಅಡಗಿದೆ ಎಂದು ಅವನು ಹೇಳುತ್ತಾನೆ. ಹೆಸರು ಹೇಳಿದರೆ ಬದುಕುವೆ ಎನ್ನುತ್ತಾಳೆ ಐಸಿಸ್. ರಾ ಉತ್ತರವಾಗಿ ತನ್ನ ಕಾರ್ಯಗಳನ್ನು ಪಟ್ಟಿ ಮಾಡುತ್ತಾನೆ. ಆಕಾಶ, ಭೂಮಿ, ಬೆಟ್ಟ, ನೀರು, ತಾಸು, ದಿನಗಳನ್ನು ಮಾಡಿದವನು ತಾನೆಂದೂ, ಬೆಳಿಗ್ಗೆ ಖೆಪ್ರಿ, ಮಧ್ಯಾಹ್ನ ರಾ, ಸಂಜೆ ಆತುಮ್ ತಾನೆಂದೂ ಹೇಳುತ್ತಾನೆ. ವಿಷ ಇಳಿಯುವುದಿಲ್ಲ. ನೀನು ಹೇಳಿದವುಗಳಲ್ಲಿ ನಿನ್ನ ಹೆಸರು ಇಲ್ಲ ಎನ್ನುತ್ತಾಳೆ ಐಸಿಸ್. ಕೊನೆಗೆ ರಾ ತನ್ನ ಹೆಸರು ತನ್ನೊಡಲಿನಿಂದ ಅವಳ ಒಡಲಿಗೆ ದಾಟಲು ಒಪ್ಪುತ್ತಾನೆ. ಮಗ ಹೊರಸ್‌ನಿಗೆ ಮಾತ್ರ ಅದನ್ನು ತಿಳಿಸಲು ಅನುಮತಿಯಿದೆ. ಹೆಸರು ಯಾವುದೆಂದು ಕಥೆ ಹೇಳುವುದಿಲ್ಲ.

1890ರಲ್ಲಿ ಮೊದಲು ಪ್ರಕಟವಾದ ‘ದಿ ಗೋಲ್ಡನ್ ಬೌ’ ಗ್ರಂಥದಲ್ಲಿ ಜೇಮ್ಸ್ ಫ್ರೇಜರ್ ಈ ಕಥೆಯನ್ನು ನಾಮನಿಷೇಧದ ಉದಾಹರಣೆಯಾಗಿ ಬಳಸಿಕೊಂಡರು. ಹೆಸರನ್ನು ಬಲ್ಲವನು ಹೆಸರಿನವನ ಮೇಲೆ ಅಧಿಕಾರ ಪಡೆಯುತ್ತಾನೆ ಎಂಬ ನಂಬಿಕೆ ಅನೇಕ ಸಮಾಜಗಳಲ್ಲಿರುವುದು ನಿಜ. ಆದರೆ ಹೀಗೆ ಎತ್ತಿಕೊಂಡಾಗ ಕಥೆಯು ತಾನು ನಡೆಯುತ್ತಿದ್ದ ಆಚರಣೆಯಿಂದ ಕಳಚಿ ಬರುತ್ತದೆ. ಹಸ್ತಪ್ರತಿಯಲ್ಲಿ ಇದು ವಿಷ ಇಳಿಸುವ ಮಂತ್ರದ ಭಾಗ. ಕಥೆಯ ನಂತರ ಪ್ರಯೋಗವಿಧಿ ಬರುತ್ತದೆ. ಆತುಮ್, ಹೊರಸ್ ಮತ್ತು ಐಸಿಸ್ ದೇವತೆಗಳ ಚಿತ್ರಗಳ ಮೇಲೆ ಮಂತ್ರವನ್ನು ಪಠಿಸಬೇಕು. ಚಿತ್ರಗಳನ್ನು ರೋಗಿಯ ಕೈಯ ಮೇಲೆ ಬರೆದು ಅವನಿಂದ ನೆಕ್ಕಿಸಬೇಕು. ನಯವಾದ ನಾರುಬಟ್ಟೆಯ ಮೇಲೆ ಬರೆದು ಕೊರಳಿಗೆ ಕಟ್ಟಬೇಕು. ಗಿಡಮೂಲಿಕೆಯನ್ನು ಅರೆದು ಬಿಯರ್ ಅಥವಾ ದ್ರಾಕ್ಷಾರಸದಲ್ಲಿ ಕುಡಿಸಬೇಕು.

ಈ ಮಂತ್ರದ ಅಗತ್ಯ ಕಾಲ್ಪನಿಕವಾದುದಲ್ಲ. ರಾಜರ ಕಣಿವೆಯ ಸಮಾಧಿಗಳನ್ನು ಕೊರೆದ ಕಸಬುದಾರರು ದೇರ್ ಎಲ್ ಮದೀನಾ ಎಂಬ ಊರಿನಲ್ಲಿ ವಾಸವಾಗಿದ್ದರು. ಅವರ ಕೆಲಸದ ಹಾಜರಿಯನ್ನು ದಾಖಲಿಸಿದ ಸುಣ್ಣಕಲ್ಲಿನ ಫಲಕವೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನೆಯ ರಾಮೆಸೆಸನ ಆಳ್ವಿಕೆಯ 40ನೆಯ ವರ್ಷದ ಈ ಪಟ್ಟಿಯಲ್ಲಿ ಗೈರುಹಾಜರಿಯ ಕಾರಣಗಳ ನಡುವೆ ಚೇಳು ಕುಟುಕಿದುದೂ ನಮೂದಾಗಿದೆ. ಚೆಸ್ಟರ್ ಬೀಟಿ ಪಪೈರಸ್‌ಗಳು ಇದೇ ಊರಿನ ಕುಟುಂಬವೊಂದರ ಗ್ರಂಥಸಂಗ್ರಹಕ್ಕೆ ಸೇರಿದವು. ಚೇಳು ಕುಟುಕಿ ಒದ್ದಾಡುತ್ತಿದ್ದ ಕಲ್ಲುಕುಟಿಗನ ಮುಂದೆ ಇಂತಹ ಕಥೆಯನ್ನು ಓದಲಾಗುತ್ತಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಅರ್ಥ ಬೇರೆಯಾಗಿ ಕಾಣುತ್ತದೆ.

ಕಥೆಯ ಕೊನೆಯ ಮಂತ್ರವಾಕ್ಯದ ರಚನೆಯನ್ನು ಗಮನಿಸಬೇಕು. ರಾ ಬದುಕುತ್ತಾನೆ, ವಿಷ ಸಾಯುತ್ತದೆ ಎಂಬ ಆಶಯದ ಮಾತಿನ ಪಕ್ಕದಲ್ಲಿಯೇ ಇಂಥವಳ ಮಗನಾದ ಇಂಥವನು ಬದುಕುತ್ತಾನೆ, ವಿಷ ಸಾಯುತ್ತದೆ ಎಂಬ ಮಾತು ಬರುತ್ತದೆ. ‘ಇಂಥವಳು’, ‘ಇಂಥವನು’ ಎಂಬಲ್ಲಿ ವೈದ್ಯನು ರೋಗಿಯ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಸೇರಿಸಿ ಹೇಳಬೇಕು. ದೇವರ ಹೆಸರು ಗುಟ್ಟಾಗಿಯೇ ಉಳಿಯುತ್ತದೆ. ಗಟ್ಟಿಯಾಗಿ ಉಚ್ಚರಿಸಲ್ಪಡುವುದು ಹಾಸಿಗೆಯ ಮೇಲೆ ಮಲಗಿರುವ ಮನುಷ್ಯನ ಹೆಸರು. ಮಂತ್ರ ಹೇಳುವ ವೈದ್ಯನು ಐಸಿಸಳ ಜಾಗದಲ್ಲಿ ನಿಂತಿದ್ದಾನೆ, ರೋಗಿಯು ರಾನ ಜಾಗದಲ್ಲಿದ್ದಾನೆ. ಹೆಸರು ಐಸಿಸಳಿಗೆ ಗೊತ್ತಿದ್ದರೆ ಸಾಕು. ಕೇಳುವವರಿಗೆ ಅದು ತಿಳಿಯಬೇಕಾಗಿಲ್ಲ. ಆದುದರಿಂದ ಕಥೆಯಲ್ಲಿ ಹೆಸರು ಬಾರದಿರುವುದನ್ನು ಪಠ್ಯದ ಲೋಪವೆಂದಾಗಲಿ ಪುರೋಹಿತರ ಕಪಟವೆಂದಾಗಲಿ ತಿಳಿಯಬೇಕಾಗಿಲ್ಲ. ಚಿಕಿತ್ಸೆಯ ವಿಧಾನವೇ ಅದನ್ನು ಬಯಸುತ್ತದೆ.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಖಚಿತಗೊಳ್ಳುತ್ತವೆ. ರಾ ಎಂಬುದು ಸೂರ್ಯನನ್ನು ಸೂಚಿಸುವ ಈಜಿಪ್ಟಿನ ಸಾಮಾನ್ಯ ಪದ. ಅದರ ಪ್ರಾಚೀನ ಉಚ್ಚಾರಣೆ ‘ರೀಅ’ ಎಂಬುದಕ್ಕೆ ಸಮೀಪವಾಗಿತ್ತು. ರವಿ, ರಾಮ ಎಂಬ ಪದಗಳೊಂದಿಗೆ ಅದಕ್ಕೆ ಕಲ್ಪಿಸುವ ಸಂಬಂಧ ಧ್ವನಿ, ಕಾಲ, ಪದರಚನೆ ಈ ಯಾವ ಪರೀಕ್ಷೆಯಲ್ಲಿಯೂ ನಿಲ್ಲುವುದಿಲ್ಲ. ಇಂತಹ ಜೋಡಣೆಯಿಂದ ಭಾರತೀಯ ಪರಂಪರೆಗೆ ಯಾವ ಹಿರಿಮೆಯೂ ಸಲ್ಲುವುದಿಲ್ಲ. ಈಜಿಪ್ಟಿನ ಜನರು ತಮ್ಮ ದೇವರೊಂದಿಗೆ ನಡೆಸಿದ ಮೂರು ಸಾವಿರ ವರ್ಷಗಳ ವ್ಯವಹಾರ ಮಾತ್ರ ಅದರಿಂದ ಮರೆಯಾಗುತ್ತದೆ.

ಹೆಸರಿನ ಅರ್ಥವೇನೆಂಬ ಪ್ರಶ್ನೆಯನ್ನು ಈಜಿಪ್ಟಿನವರೇ ಕೇಳಿಕೊಂಡಿದ್ದರು ಎಂಬುದು ಟುರಿನ್ ಪಪೈರಸ್‌ನಿಂದ ತಿಳಿದುಬರುತ್ತದೆ. ರಾ ತನ್ನ ಕಾರ್ಯಗಳನ್ನೂ ರೂಪಗಳನ್ನೂ ಪಟ್ಟಿ ಮಾಡಿದಾಗ ಐಸಿಸ್ ಅದನ್ನು ಹೆಸರೆಂದು ಒಪ್ಪಲಿಲ್ಲ. ವರ್ಣನೆ ಬೇರೆ, ಹೆಸರು ಬೇರೆ ಎಂಬ ವಿವೇಕ ಆ ಕಥೆಯಲ್ಲಿದೆ. ದೇವತೆಗಳ ಹೆಸರುಗಳನ್ನು ಸಂಗ್ರಹಿಸಿ ಕೋಶಗಳನ್ನು ರಚಿಸುವ ನಾವು ನಿಷ್ಪತ್ತಿಯ ಜೊತೆಗೆ ಆ ಹೆಸರನ್ನು ಯಾರು, ಯಾವಾಗ, ಯಾರಿಗಾಗಿ ಹೇಳಿದರು, ಯಾವ ಸಂದರ್ಭದಲ್ಲಿ ಹೇಳದೆ ಉಳಿಸಿದರು ಎಂಬುದನ್ನೂ ದಾಖಲಿಸಬೇಕಾಗಿದೆ. ದೇರ್ ಎಲ್ ಮದೀನಾದ ಹಾಜರಿ ಫಲಕದಂತಹ ಸಾಮಾನ್ಯ ದಾಖಲೆಗಳು ಈ ಕೆಲಸದಲ್ಲಿ ಸ್ತೋತ್ರಗಳಷ್ಟೇ ಉಪಯುಕ್ತವಾದ ಆಕರಗಳು.